‘ನನ್ನ ಟೆಸ್ಟೋಸ್ಟೆರಾನ್ ಮುಗಿದೇ ಹೋಯ್ತು, ಮೇಡಂ’

ಇಪ್ಪತ್ತರ ಆಸುಪಾಸಿನ ಬಾಕ್ಸರ್. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕೈಯಲ್ಲಿ ರಕ್ತಪರೀಕ್ಷೆಯ ವರದಿ. ಗಂಡಸರ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮಾಮೂಲಿ ಮಿತಿಗಿಂತ ಕೆಳಗೆ. ಮೇಲಿಂದ ಮೇಲೆ ಪಂದ್ಯ ಸೋತಿದ್ದ. ನಿದ್ದೆಯಿಲ್ಲ, ಸಣ್ಣದಕ್ಕೂ ಸಿಡುಕು, ಲೈಂಗಿಕ ಆಸಕ್ತಿ ಪೂರಾ ಸತ್ತಿತ್ತು. ‘ನಾನು ಗಂಡಸೇ ಅಲ್ವೇನೋ ಅನ್ಸುತ್ತೆ’ ಅಂದಾಗ ತಲೆ ಎತ್ತಲಿಲ್ಲ. ಜಿಮ್ಮಿನ ಗೆಳೆಯನೊಬ್ಬ ಇಂಜೆಕ್ಷನ್ ಕೊಡಿಸುತ್ತೇನೆ ಅಂದಿದ್ದನಂತೆ.

ನಾನು ಮೊದಲು ಕೇಳಿದ್ದು ಊಟದ ಬಗ್ಗೆ. ಕೆಳಗಿನ ತೂಕದ ವಿಭಾಗದಲ್ಲಿ ಉಳಿಯಲು ತಿಂಗಳುಗಟ್ಟಲೆ ಅರೆಹೊಟ್ಟೆ. ತೂಕ ನೋಡುವ ದಿನ ಹತ್ತಿರವಾದರೆ ನೀರೂ ಇಲ್ಲ, ಬೆವರಿಳಿಸಲು ಪ್ಲಾಸ್ಟಿಕ್ ಸೂಟು. ರಕ್ತ ಕೊಟ್ಟಿದ್ದೂ ಟೂರ್ನಿ ಮುಗಿದ ಬೆನ್ನಿಗೇ, ಮಧ್ಯಾಹ್ನದ ಹೊತ್ತಿನಲ್ಲಿ.

ಪಂದ್ಯದ ಉದ್ವೇಗಕ್ಕೆ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ರಿಂಗಿಗೆ ಇಳಿಯುವ ಮೊದಲೇ ಏರುತ್ತದೆ. ಟೆಸ್ಟೋಸ್ಟೆರಾನ್ ಕೂಡ ಏರುವುದುಂಟು. ಗೆದ್ದವರಲ್ಲಿ ಅದು ಸೋತವರಿಗಿಂತ ಹೆಚ್ಚಿದ್ದುದನ್ನು ಕೆಲವು ಅಧ್ಯಯನಗಳು ಕಂಡಿವೆ. ಈ ಏರಿಳಿತ ತಾತ್ಕಾಲಿಕ, ಅದಕ್ಕೆ ಹೆದರಬೇಕಿಲ್ಲ. ನನಗೆ ಚಿಂತೆ ಹುಟ್ಟಿಸಿದ್ದು ಹಸಿವು. ತಿಂದದ್ದು ತರಬೇತಿಗೇ ಸಾಲದಿದ್ದಾಗ ದೇಹದ ಕೊಬ್ಬಿನಿಂದ ಬಂದು, ಶಕ್ತಿ ಎಷ್ಟಿದೆಯೆಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಕುಸಿಯುತ್ತದೆ. ಮೆದುಳಿನ ಹೈಪೋಥಲಾಮಸ್ ಅದನ್ನು ಬರಗಾಲವೆಂದೇ ಎಣಿಸಿ, ವೃಷಣಗಳಿಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಮೂಲಕ ಹೋಗುವ ಸಂದೇಶವನ್ನು ತಗ್ಗಿಸುತ್ತದೆ. ಥೈರಾಯ್ಡಿನ ಟಿ3 ಹಾರ್ಮೋನು ಕೂಡ ಇಳಿಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ರೆಡ್-ಎಸ್’ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ) ಎಂದು ಹೆಸರಿಟ್ಟಿತು. ಇದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿದಾಗ ಅವನ ಭುಜ ಸಡಿಲವಾಯಿತು. ‘ಹಾಗಾದ್ರೆ ಇದು ನನ್ನ ದೌರ್ಬಲ್ಯ ಅಲ್ವಾ?’ ಅಂತ ಮತ್ತೆ ಮತ್ತೆ ಕೇಳಿದ. ಅಲ್ಲ ಅಂತ ಅಷ್ಟೂ ಸಲ ಹೇಳಿದೆ.

ನಿದ್ದೆಯ ಪಾಲೂ ಇದೆ. 2011ರ ಒಂದು ಅಧ್ಯಯನದಲ್ಲಿ ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿದ ಆರೋಗ್ಯವಂತ ಯುವಕರಲ್ಲಿ ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿದಿತ್ತು.

ಇಂಜೆಕ್ಷನ್ ಬಗ್ಗೆ ಖಡಾಖಂಡಿತವಾಗಿಯೇ ಬೇಡ ಅಂದೆ. ಹೊರಗಿನಿಂದ ಹಾರ್ಮೋನು ಬಂದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಕುಗ್ಗುತ್ತದೆ, ವೃಷಣ ಸಣ್ಣದಾಗುತ್ತದೆ. ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ನಿಷೇಧ.

ಬದಲಿಗೆ ಹಾರ್ಮೋನು ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಬಳಿ ಕಳಿಸಿದೆ. ಚೆನ್ನಾಗಿ ಉಂಡು, ಮಲಗಿ, ವಿಶ್ರಾಂತಿ ಪಡೆದ ಮೇಲೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಪರೀಕ್ಷೆ ಮಾಡಿಸಬೇಕು. ಎಲ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಪಿಟ್ಯುಟರಿಯ ಹಾರ್ಮೋನುಗಳನ್ನೂ ನೋಡಬೇಕು. ತಲೆಗೆ ಬಿದ್ದ ಏಟುಗಳ ವಿಷಯ ವೈದ್ಯರಿಂದ ಮುಚ್ಚಿಡಬೇಡ ಅಂತ ಒತ್ತಿ ಹೇಳಿದೆ. ಮತ್ತೆ ಮತ್ತೆ ಏಟು ತಿಂದ ಪಿಟ್ಯುಟರಿ ಗ್ರಂಥಿ ಸೊರಗಬಹುದು. ಬಾಕ್ಸರುಗಳಲ್ಲಿ ಬೆಳವಣಿಗೆಯ ಹಾರ್ಮೋನಿನ ಕೊರತೆ ಕಂಡದ್ದಿದೆ. ಹಾಗಾಗಿದ್ದರೆ ಊಟವೊಂದರಿಂದಲೇ ಸರಿಹೋಗದು.

ಕಷ್ಟದ ಮಾತು ಕೋಚ್ ಹತ್ತಿರ ಆಡಬೇಕಿತ್ತು: ಮೇಲಿನ ತೂಕದ ವಿಭಾಗಕ್ಕೆ ಹೋಗುತ್ತೇನೆಂದು. ಹೇಗೆ ಹೇಳುವುದೆಂದು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಕೋಚ್ ಗೊಣಗಿದರೂ ಒಪ್ಪಿದರು. ಆಮೇಲಿನ ಪರೀಕ್ಷೆಗಳಲ್ಲಿ ಮಟ್ಟ ಮಾಮೂಲಿಗೆ ಬಂದಿತ್ತು. ಸಿಡುಕು ಅದಕ್ಕೂ ಮೊದಲೇ ಇಳಿದಿತ್ತು.

ಕೊನೆಯ ಭೇಟಿಯಲ್ಲಿ ಅವನು ಜೊತೆಗಾರ್ತಿ ಬಾಕ್ಸರ್ ಒಬ್ಬಳ ಮಾತು ತೆಗೆದ. ಅವಳೂ ಹೀಗೇ ತೂಕ ಇಳಿಸುತ್ತಾಳೆ, ಮುಟ್ಟು ನಿಂತಿದೆ, ‘ಒಳ್ಳೆಯದೇ ಆಯ್ತು’ ಅನ್ನುತ್ತಾಳಂತೆ. ಮೂರು ತಿಂಗಳು ಮುಟ್ಟು ಬರದಿದ್ದರೆ ಕಾಯುವುದು ಬೇಡ, ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ, ನಾಳೆಯೇ ಆ ವೈದ್ಯರನ್ನು ನೋಡಲಿ ಅಂತ ಹೇಳಿ ಕಳಿಸಿದೆ.