ಹಳ್ಳದ ನೀರು ತಿಳಿಯಾಗಿದ್ದರೂ ಮೀನಿನ ಫೋಟೊ ಮಬ್ಬಾಗುವುದೇಕೆ?

ಬೆಂಗಳೂರಿನಿಂದ ಮಲೆನಾಡಿಗೆ ಹೋಗಿ ಆಕ್ಷನ್ ಕ್ಯಾಮೆರಾ ಮುಳುಗಿಸಿ ತೆಗೆದರೂ ಫೋಟೊ ಹಾಲು ಬೆರೆಸಿದಂತೆ ಬರುತ್ತದೆ, ಹೊಸ ಕ್ಯಾಮೆರಾ ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ದೂರ ಕಡಿಮೆ ಮಾಡಿ.

ಲೆನ್ಸಿಗೂ ಮೀನಿಗೂ ನಡುವಿನ ನೀರಲ್ಲಿ ತೇಲುವ ಕಣಗಳು ಬೆಳಕು ಚದುರಿಸುತ್ತವೆ. ಮಬ್ಬು ಅಂದರೆ ಅದೇ. ಹಾಗಂತ ಮೂತಿಗೇ ಹಿಡಿಯಬೇಡಿ. ಈ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಫೋಕಸ್ ಸ್ಥಿರ, ತೀರಾ ಹತ್ತಿರದ್ದು ಸ್ಪಷ್ಟವಾಗುವುದಿಲ್ಲ. ಚಪ್ಪಟೆ ಗಾಜಿನ ಹಿಂದಿನಿಂದ ನೀರೊಳಗಿನ ವಸ್ತು ಕಾಲು ಭಾಗ ಹತ್ತಿರ ಕಾಣುತ್ತದೆ. ಹೊರಗೆ 30 ಸೆಂ.ಮೀ.ನಿಂದ ಸ್ಪಷ್ಟವಾಗುವ ಲೆನ್ಸಿಗೆ ನೀರಲ್ಲಿ 40 ಸೆಂ.ಮೀ. ಬೇಕು. ಹಾಗಾಗಿ ಮೀನಿನಿಂದ 40ರಿಂದ 50 ಸೆಂ.ಮೀ. ದೂರವಿರಲಿ.

ಅಷ್ಟು ಹತ್ತಿರಕ್ಕೆ ನೀವು ಹೋದರೆ ಮೀನು ನಿಲ್ಲುವುದಿಲ್ಲ, ಕ್ಯಾಮೆರಾ ಬಿಟ್ಟು ಬರಬೇಕು. ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಹರಿವಿನ ಕೆಳಗಡೆಯಿಂದ ಮೇಲಕ್ಕೆ ನಡೆಯಿರಿ, ಕಾಲಿಗೆ ಎದ್ದ ಕೆಸರು ಹಿಂದಕ್ಕೆ ಹೋಗುತ್ತದೆ. ಕ್ಯಾಮೆರಾವನ್ನೂ ಕೆಳಗಡೆಯಿಂದ ಗುರಿಯಿಟ್ಟರೆ ಸಿಗುವುದು ಬಾಲ ಮಾತ್ರ. ಹರಿವಿಗೆ ಅಡ್ಡಲಾಗಿ, ಮೀನಿನ ಎತ್ತರಕ್ಕೇ ಇಡಿ. ಭಾರಕ್ಕೆ ದಡದ ಕಲ್ಲು ಸಾಕು, ತಳದ ಕಲ್ಲು ಎತ್ತಬೇಡಿ, ಅಡಿಯಲ್ಲಿ ಮೊಟ್ಟೆ ಇರಬಹುದು. ಗಾಜಿಗಂಟಿದ ಗುಳ್ಳೆಗಳನ್ನು ನೀರೊಳಗೇ ಬೆರಳಿಂದ ಒರೆಸಿ, 2 ಸೆಕೆಂಡಿಗೊಂದು ಫೋಟೊ ಹೊಡೆಯುವಂತಿಟ್ಟು 15 ನಿಮಿಷ ದೂರ ಸರಿಯಿರಿ. ನಾನು ಇದಕ್ಕಿಂತ ಚುರುಕಾದ ಉಪಾಯ ಹುಡುಕುವುದನ್ನೇ ಬಿಟ್ಟಿದ್ದೇನೆ.

ಶಟರ್ 1/250 ಸೆಕೆಂಡಿಗಿಂತ ನಿಧಾನವಾದರೆ ರೆಕ್ಕೆ ಕಲಸಿಹೋಗುತ್ತದೆ. ಕೆಂಪು ಫಿಲ್ಟರ್ ಸಮುದ್ರದ ಆಳಕ್ಕೆ; ಮೊಣಕಾಲುದ್ದ ನೀರಲ್ಲಿ ಅದನ್ನು ಹಾಕಿದರೆ ಮೀನಿಗೆ ಕುಂಕುಮ ಬಳಿದಂತಾಗುತ್ತದೆ. ನೆತ್ತಿಯ ಬಿಸಿಲಿಗೆ ಅಲೆಗಳು ಮೀನಿನ ಮೈಮೇಲೆ ಬೆಳ್ಳನೆ ಬಲೆ ಹೆಣೆಯುತ್ತವೆ, ತೆಳುಮೋಡವಿದ್ದರೆ ವಾಸಿ.

ಮಬ್ಬು ಫೋಟೊದ ನಡುವೆ ಮಾತ್ರ ಇದ್ದರೆ ಕಾರಣ ಬೇರೆ: ಹೌಸಿಂಗ್ (ಕ್ಯಾಮೆರಾದ ನೀರು ನುಗ್ಗದ ಕವಚ) ಒಳಗಿನ ತೇವ ತಣ್ಣೀರಿಗೆ ಗಾಜಿನ ಮೇಲೆ ಇಬ್ಬನಿಯಾಗಿದೆ. ಹಳ್ಳದ ದಡದಲ್ಲಿ ಮುಚ್ಚಬೇಡಿ, ಎಸಿ ಕೋಣೆಯಲ್ಲಿ ಹೊಸ ಸಿಲಿಕಾ ಜೆಲ್ ಇಟ್ಟು ಮುಚ್ಚಿ. ಶೂ ಡಬ್ಬಿಯ ಪೊಟ್ಟಣ ಆಗಲೇ ತೇವ ಕುಡಿದಿರುತ್ತದೆ. ಹೊರಡುವ ಮುನ್ನ ಖಾಲಿ ಹೌಸಿಂಗಿನಲ್ಲಿ ಟಿಶ್ಯೂ ಹಾಕಿ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಟಿಶ್ಯೂ ಒದ್ದೆಯಾದರೆ ಮುಚ್ಚಳದ ಅಂಚಿನ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಕೂದಲೋ ಮರಳೋ ಇದೆಯೇ ನೋಡಿ.

ಹೋಗುವುದಾದರೆ ಡಿಸೆಂಬರ್–ಫೆಬ್ರವರಿ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳಿಗೆ ಜನರ ಭಯ ಕಡಿಮೆ, ಆದರೆ ದೇವಸ್ಥಾನದವರನ್ನು ಕೇಳದೆ ನೀರಿಗೆ ಏನನ್ನೂ ಇಳಿಸಬೇಡಿ. ಅಭಯಾರಣ್ಯದ ಹಳ್ಳಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.