1990ರ ದಶಕದ ಯಾಹೂ ಡೈರೆಕ್ಟರಿಗೂ ಆಲ್ಟಾವಿಸ್ಟಾ ಸರ್ಚ್ ಎಂಜಿನ್‌ಗೂ ಇದ್ದ ವ್ಯತ್ಯಾಸವೇನು?

ಯಾಹೂ ಡೈರೆಕ್ಟರಿಯನ್ನು ಮನುಷ್ಯರು ಓದಿ ವಿಂಗಡಿಸುತ್ತಿದ್ದರು. ಆಲ್ಟಾವಿಸ್ಟಾದ ಸೂಚಿಯನ್ನು ಯಂತ್ರ ಸಿದ್ಧಪಡಿಸುತ್ತಿತ್ತು. ಉಳಿದ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟಿದವು.

1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ ಆರಂಭಿಸಿದ ಯಾಹೂ, ಗ್ರಂಥಾಲಯದ ವರ್ಗೀಕರಣದಂತೆ ವಿಷಯದೊಳಗೆ ಉಪವಿಷಯಗಳನ್ನು ಜೋಡಿಸಿದ ಪಟ್ಟಿಯಾಗಿತ್ತು. ಸಂಪಾದಕರು ಜಾಲತಾಣವನ್ನು ನೋಡಿ, ಯೋಗ್ಯವೆನಿಸಿದರೆ ಚಿಕ್ಕದೊಂದು ವಿವರಣೆಯೊಂದಿಗೆ ತಕ್ಕ ವಿಭಾಗಕ್ಕೆ ಸೇರಿಸುತ್ತಿದ್ದರು. ಆದ್ದರಿಂದ ಅಲ್ಲಿ ಕಸ ಕಡಿಮೆ. ಆದರೆ ಪುಟಗಳ ಒಳಗಿನ ಮಾತುಗಳನ್ನು ಹುಡುಕಲು ಆ ಪಟ್ಟಿಯಿಂದ ಸಾಧ್ಯವಿರಲಿಲ್ಲ.

1995ರ ಡಿಸೆಂಬರಿನಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಾರ್ವಜನಿಕರಿಗೆ ತೆರೆದ ಆಲ್ಟಾವಿಸ್ಟಾದ ಕ್ರಾಲರ್, ಅಂದರೆ ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ತರುವ ತಂತ್ರಾಂಶ, ಪ್ರತಿ ಪುಟದ ಪೂರ್ಣ ಪಠ್ಯವನ್ನೇ ಸಂಗ್ರಹಿಸುತ್ತಿತ್ತು. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ, ಯಾವ ಪದ ಯಾವ್ಯಾವ ಪುಟದಲ್ಲಿದೆ ಎಂಬ ಲೆಕ್ಕ ಮೊದಲೇ ಸಿದ್ಧವಿದ್ದುದರಿಂದ ಅತ್ಯಂತ ಅಪರೂಪದ ಪದವೂ ಕ್ಷಣದಲ್ಲಿ ಸಿಗುತ್ತಿತ್ತು, ಮತ್ತು ಇದು ಆ ಕಾಲಕ್ಕೆ ನಿಜವಾಗಿಯೂ ಬೆರಗಿನ ಸಾಧನೆ. ಆದರೆ ಯಂತ್ರಕ್ಕೆ ಪದಗಳು ಗೊತ್ತಿದ್ದವೇ ಹೊರತು ಪುಟದ ಯೋಗ್ಯತೆ ತಿಳಿಯುತ್ತಿರಲಿಲ್ಲ. ಒಂದೇ ಪದವನ್ನು ಪದೇಪದೇ ತುರುಕಿದ ಪುಟಗಳು ಮೇಲಕ್ಕೇರುತ್ತಿದ್ದವು.

ಜಾಲ ಬೆಳೆದ ವೇಗಕ್ಕೆ ಸಂಪಾದಕರ ಕೈ ಸಾಲಲಿಲ್ಲ. 1996ರಲ್ಲಿಯೇ ಯಾಹೂ ತನ್ನ ಪಟ್ಟಿಯಲ್ಲಿಲ್ಲದ ವಿಷಯಗಳಿಗೆ ಆಲ್ಟಾವಿಸ್ಟಾದ ಫಲಿತಾಂಶಗಳನ್ನು ತೋರಿಸತೊಡಗಿತು. 1998ರಲ್ಲಿ ಕಂಪನಿಯಾದ ಗೂಗಲ್, ಒಂದು ಪುಟಕ್ಕೆ ಇತರರು ಕೊಟ್ಟ ಕೊಂಡಿಗಳನ್ನು ಮತಗಳಂತೆ ಎಣಿಸಿ, ಮನುಷ್ಯರ ತೀರ್ಮಾನವನ್ನು ಯಂತ್ರದ ಮೂಲಕವೇ ಒಟ್ಟುಗೂಡಿಸಿತು. ಯಾಹೂ ಡೈರೆಕ್ಟರಿ 2014ರ ಕೊನೆಯಲ್ಲಿ ಮುಚ್ಚಿತು.