ಚೀನಾದಲ್ಲಿ ಸಾವಿರಾರು ವರ್ಷ ಹಳೆಯ ಚಾಪೆ, ಬಟ್ಟೆಗಳು ಕೊಳೆಯದೆ ಹೇಗೆ ಉಳಿದವು?

ಅವನ್ನು ಕಾಪಾಡಿದ್ದು ಕೆಸರು. ನೀರು ನಿಂತ, ಗಾಳಿಯಾಡದ ಮಣ್ಣಿನಲ್ಲಿ ನಾರು ಬೇಗ ಕೊಳೆಯುವುದಿಲ್ಲ. ಝೆಜಿಯಾಂಗ್ ಪ್ರಾಂತ್ಯದ ಹೆಮುಡು ಎಂಬ ಪ್ರಾಚೀನ ಜನವಸತಿಯ ನೆಲೆ 1973ರಲ್ಲಿ ಪತ್ತೆಯಾಯಿತು. ಅಲ್ಲಿ ಸುಮಾರು 7,000 ವರ್ಷ ಹಳೆಯ ಜೊಂಡಿನ ಚಾಪೆಯ ತುಂಡುಗಳು ಸಿಕ್ಕವು. ಅದೇ ಪ್ರಾಂತ್ಯದ ಚಿಯಾನ್‌ಶಾನ್‌ಯಾಂಗ್‌ನಲ್ಲಿ 1958ರಲ್ಲಿ ಬಿದಿರಿನ ಬುಟ್ಟಿಯೊಂದರಲ್ಲಿ ರೇಷ್ಮೆಯ ದಾರ, ಪಟ್ಟಿ, ಬಟ್ಟೆ ದೊರೆತವು. ಬಟ್ಟೆಯ ತುಂಡು ಬರೀ 2.4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, ವಯಸ್ಸು ಮಾತ್ರ 4,000 ವರ್ಷಕ್ಕೂ ಹೆಚ್ಚು!

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಷಿಯಾನ್ ಬಳಿಯ ಬಾನ್‌ಪೋ ನೆಲೆಯ ಸಾಕ್ಷ್ಯ. ಅಲ್ಲಿ ಚಾಪೆ ಮಣ್ಣಾಗಿದೆ, ಗುರುತು ಉಳಿದಿದೆ. ಕುಂಬಾರರು ಹಸಿ ಮಡಕೆಯನ್ನು ಚಾಪೆಯ ಮೇಲೆ ಇಟ್ಟಿದ್ದಾರೆ, ಹೆಣಿಗೆಯ ಒಂದೊಂದು ಎಳೆಯೂ ತಳದಲ್ಲಿ ಒತ್ತಿಕೊಂಡಿದೆ. ಆಮೇಲೆ ಮಡಕೆಯನ್ನು ಬೆಂಕಿಯಲ್ಲಿ ಸುಟ್ಟಾಗ ಆ ಅಚ್ಚು ಗಟ್ಟಿಯಾಯಿತು.